ಏಳು ಚಳಿಗಾಲದ ಬೂದಿ

ಬೇರೆಯವರ ಮನೆ ದೊಡ್ಡದಾದರೆ ಸೈಮಿ ತೊಲೊನೆನ್‌ಗೆ ಏನೂ ಅನ್ನಿಸುತ್ತಿರಲಿಲ್ಲ. ಬೇರೆಯವರ ಹಸು ಎರಡು ಲೀಟರ್ ಹೆಚ್ಚು ಕರೆದರೂ ಹೋಗಲಿ ಬಿಡು ಅನ್ನುವ ಹೆಂಗಸು. ಆದರೆ ತಂಗಿ ಔನೆಯ ಜೌಗಿನಲ್ಲಿ ಪೈನ್ ಮರಗಳು ವರ್ಷಕ್ಕೆ ಮೊಳದುದ್ದ ಬೆಳೆಯುತ್ತಿವೆಯಂತೆ ಅಂತ ಯಾರಾದರೂ ಬಾಯಿ ತಪ್ಪಿ ಅಂದರೆ ಮುಗಿಯಿತು. ಕುಡಿಯುತ್ತಿದ್ದ ಕಾಫಿಯನ್ನು ಅಲ್ಲೇ ಇಟ್ಟು, ಎದ್ದು, ಒಲೆಗೆ ಸೌದೆ ತುಂಬಲು ಶುರುಮಾಡುವಳು. ಒಲೆಯಲ್ಲಿ ಆಗಲೇ ಬೇಕಾದಷ್ಟು ಉರಿ ಇರುತ್ತಿತ್ತು. ಬಂದವರು ಬೆವರು ಒರೆಸಿಕೊಳ್ಳುತ್ತಾ ಮಾತು ಬದಲಾಯಿಸುತ್ತಿದ್ದರು.

ಈ ಹೊಟ್ಟೆಕಿಚ್ಚಿನ ಮೂಲ ಅವರಪ್ಪನ ಕಾಡಿನಲ್ಲಿದೆ. ಉತ್ತರದ ಹಿಮಸೀಮೆ ಕಾಯ್ನುವಿನ ಕಡೆ, ತಂದೆ ತಾಯಿಯನ್ನು ಕೊನೆವರೆಗೂ ನೋಡಿಕೊಂಡವರು ಪಾಲಿನಲ್ಲಿ ಮೊದಲು ಆರಿಸಬಹುದು ಅಂತ ಅಲ್ಲಿನವರು ಒಪ್ಪಿಕೊಂಡು ಬಂದಿದ್ದರು. ಅಪ್ಪನನ್ನು ಹನ್ನೊಂದು ವರ್ಷ ನೋಡಿಕೊಂಡವಳು ಸೈಮಿ. ಮದುವೆಯಾಗಲಿಲ್ಲ, ಎಲ್ಲೂ ಹೋಗಲಿಲ್ಲ. ಔನೆ ಅಷ್ಟರಲ್ಲಿ ಪೇಟೆಗೆ ಹೋಗಿ ಮರದ ಕಾರ್ಖಾನೆಯ ಬಾಯ್ಲರ್ ನೋಡಿಕೊಳ್ಳುವ ತೈಸ್ತೊನನ್ನು ಕಟ್ಟಿಕೊಂಡಿದ್ದಳು. ಕಾಡು ಎರಡೇ ತುಂಡು. ಒಂದು ಸರೋವರದ ಪಕ್ಕದ ಮರಳು ದಿಬ್ಬ: ನೆಟ್ಟಗಿನ ಪೈನ್ ಮರ, ಕೆಳಗೆ ಕೆಂಪು ಹುಳಿಹಣ್ಣಿನ ಗಿಡ, ನಡೆದರೆ ಕಾಲಿಗೆ ಕೆಸರಂಟದ ನೆಲ. ಇನ್ನೊಂದು ದಿಬ್ಬದ ಹಿಂದಿನ ಜೌಗು. ಅದನ್ನು ಒಣಗಿಸಬೇಕೆಂದು ಅಪ್ಪ ಕಾಲುವೆ ತೋಡಿಸಿದ್ದ. ಕಾಲುವೆ ಬಂತು, ಅಲ್ಲಿ ಬಿಡುತ್ತಿದ್ದ ಕಾಡುಹಣ್ಣು ಹೋಯಿತು, ಮರ ಮಾತ್ರ ಏಳಲಿಲ್ಲ. ನಲವತ್ತು ವರ್ಷದ ಪೈನ್ ಎದೆಯೆತ್ತರಕ್ಕೆ ನಿಂತು, ಎಲೆ ಹಳದಿ ಮಾಡಿಕೊಂಡು, ಕಾಯಿಲೆಯವರ ಹಾಗೆ ಕಾಣುತ್ತಿತ್ತು.

ಸೈಮಿ ದಿಬ್ಬ ಆರಿಸಿದಳು. ಯಾರಾದರೂ ಅದನ್ನೇ ಆರಿಸುತ್ತಿದ್ದರು, ಅದರಲ್ಲಿ ತಪ್ಪಿಲ್ಲ. ತಪ್ಪಿದ್ದು ಆಮೇಲಿನ ಒಂದು ಮಾತಿನಲ್ಲಿ. ಕಾಗದಕ್ಕೆ ಸಹಿ ಬಿದ್ದ ಮೇಲೆ, ನೆಂಟರೆಲ್ಲ ಏಲಕ್ಕಿ ಬನ್ನು ತಿನ್ನುತ್ತಾ ಕೂತಿದ್ದಾಗ, ತಂಗಿಯ ಕಡೆ ತಿರುಗಿ ಅಂದಳು:

“ನಿನ್ನ ಆಸ್ತಿ ನೋಡೋಕೆ ಹೋಗುವಾಗ ರಬ್ಬರ್ ಬೂಟು ಮರೀಬೇಡ ಕಣೇ.”

ಎಲ್ಲರೂ ನಕ್ಕರು. ಔನೆಯೂ ನಕ್ಕಳು. ಸೈಮಿ ಇನ್ನೊಂದು ಬನ್ನು ತೆಗೆದುಕೊಂಡಳು.

ಒಂಬತ್ತು ವರ್ಷ ಹಾಗೇ ಹೋಯಿತು. ಆಮೇಲೆ ಒಂದು ಮಾರ್ಚಿನಲ್ಲಿ, ಹಿಮ ಗಟ್ಟಿಯಾಗಿ ಟ್ರ್ಯಾಕ್ಟರ್ ಭಾರ ತಡೆಯುವಂತಾದಾಗ, ತೈಸ್ತೊ ಜೌಗಿಗೆ ಬೂದಿ ಹೊಡೆಯಲು ಬಂದ. ಕಾರ್ಖಾನೆಯ ಬಾಯ್ಲರಿನಲ್ಲಿ ಮರದ ತೊಗಟೆ ಸುಡುತ್ತಿದ್ದರು. ಹಿತ್ತಲಿನಲ್ಲಿ ಬೂದಿ ಗುಡ್ಡೆಯಾಗಿ ಬಿದ್ದಿತ್ತು, ಯಾರಿಗೂ ಬೇಡದ್ದು. ಮೂರು ವಾರ ಅವನು ಅದನ್ನು ಹೇರಿಕೊಂಡು ಬಂದು ಸಲಿಕೆಯಲ್ಲಿ ಹಿಮದ ಮೇಲೆ ಎರಚಿದ. ತಲೆ, ಹುಬ್ಬು, ಮೂಗು ಎಲ್ಲಾ ಬೂದು. ಊರು ನಕ್ಕಿತು, ಸೈಮಿ ಊರಿಗಿಂತ ಜೋರಾಗಿ ನಕ್ಕಳು. ಅವನು ಕಾಫಿಗೆ ಬಂದಾಗ ತಾಳ್ಮೆಯಿಂದ ವಿವರಿಸಿದ: ಜೌಗಿನ ಕಪ್ಪು ಮಣ್ಣಿನಲ್ಲಿ ಸಾರಜನಕ ಮರ ತಿಂದು ಮುಗಿಸಲಾರದಷ್ಟಿದೆ, ಇಲ್ಲದಿರುವುದು ರಂಜಕ ಮತ್ತು ಪೊಟ್ಯಾಶ್, ಅದೆರಡೂ ಬೂದಿಯಲ್ಲಿದೆ, ಪಾತ್ರೆ ತುಂಬಾ ಗಂಜಿ ಇದ್ದು ಉಪ್ಪಿಲ್ಲದ ಹಾಗೆ. ಸೈಮಿ ಇದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವನ ಬೆರಳಿನ ಗುರುತು ಬಿದ್ದ ಲೋಟವನ್ನು ಅವನ ಕಣ್ಣೆದುರೇ ಉಜ್ಜುತ್ತಾ ನಿಂತಿದ್ದಳು.

ಮೂರು ವರ್ಷ ಏನೂ ಆಗಲಿಲ್ಲ. ಆ ಮೂರು ವರ್ಷ ಸೈಮಿ ಬಹಳ ಚೆನ್ನಾಗಿ ನಿದ್ದೆ ಮಾಡಿದಳು. ನಾಲ್ಕನೇ ಬೇಸಿಗೆಯಲ್ಲಿ ಜೌಗಿನ ಪೈನ್‌ಗಳು ಹಳದಿ ಬಿಟ್ಟು ಕಡುಹಸಿರಾದವು. ಆರನೇ ವರ್ಷ ಮನುಷ್ಯನ ತಲೆ ದಾಟಿದವು. ಹತ್ತನೇ ವರ್ಷಕ್ಕೆ ಒಳಗೆ ಹೊಕ್ಕವರು ಆಕಾಶ ಹುಡುಕಬೇಕಾಯಿತು. ಇತ್ತ ದಿಬ್ಬದ ಮರಗಳು ಅಪ್ಪನ ಕಾಲದಲ್ಲಿ ಹೇಗಿದ್ದವೋ ಹಾಗೇ, ಮರ್ಯಾದಸ್ಥರಂತೆ, ವರ್ಷಕ್ಕೊಂದು ಬೆರಳು ಬೆಳೆಯುತ್ತಾ ನಿಂತಿದ್ದವು. ಮೊದಲು ಅದೇ ಚಂದ ಅನ್ನಿಸುತ್ತಿತ್ತು ಸೈಮಿಗೆ. ಈಗ ಅವುಗಳ ಬುಡಕ್ಕೆ ಒದೆಯಬೇಕು ಅನ್ನಿಸತೊಡಗಿತು.

ಹೀಗಿರುವಾಗ ಒಂದು ಜೂನ್ ಬೆಳಿಗ್ಗೆ ಅಡುಗೆಮನೆ ಕಿಟಕಿಯಿಂದ ನೋಡಿದರೆ, ದಿಬ್ಬ ತಗ್ಗಾಗುವ ಕಡೆ, ಇಷ್ಟು ವರ್ಷ ಬರೀ ಆಕಾಶ ಇದ್ದ ಜಾಗದಲ್ಲಿ, ಹಸಿರು ತುದಿಗಳು ಇಣುಕುತ್ತಿವೆ. ಔನೆಯ ಮರಗಳು. ಜೌಗಿನಲ್ಲಿ ಹುಟ್ಟಿದವು ಎದ್ದು ನಿಂತು ಅವಳ ಅಡುಗೆಮನೆಯನ್ನೇ ನೋಡುತ್ತಿವೆ. ಸೈಮಿ ಅವತ್ತೇ ಕಿಟಕಿಗೆ ಪರದೆ ಹೊಲಿದಳು. ರಾತ್ರಿಯೂ ಕತ್ತಲಾಗದ ಆ ತಿಂಗಳಲ್ಲಿ ಊರಲ್ಲಿ ಹಗಲಿಗೆ ಪರದೆ ಎಳೆದ ಮನೆ ಅದೊಂದೇ.

ಬೂದಿಯಿಂದ ಬೆಳೆಯಿತು ತಾನೇ? ಬೂದಿ ನನಗೂ ಸಿಗುತ್ತೆ ಅಂದುಕೊಂಡಳು. ಆದರೆ ತೈಸ್ತೊನ ಹತ್ತಿರ ಕೇಳುವುದೆಂದರೆ ಸೋತೆ ಅಂತ ಒಪ್ಪಿಕೊಂಡ ಹಾಗೆ. ಅದಕ್ಕಿಂತ ಸರೋವರಕ್ಕೆ ಹಾರುವುದು ವಾಸಿ. ಅವಳದು ಬಿಟ್ಟು ಊರಲ್ಲಿ ಇಪ್ಪತ್ತಾರು ಮನೆ, ಇಪ್ಪತ್ತಾರು ಸೌನಾ. ಶನಿವಾರ ಸಂಜೆ ಎಲ್ಲರೂ ಬೆಂಕಿ ಹಾಕಿ ಬೆವರಿ ಮೀಯುತ್ತಾರೆ, ಭಾನುವಾರ ಬೆಳಿಗ್ಗೆ ಎಲ್ಲರ ಒಲೆಯಲ್ಲೂ ಬೂದಿ. ಸೈಮಿ ಕಾಲಿಂದ ಒದ್ದು ಓಡಿಸುವ ಜಾರುಗಾಡಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಮನೆಮನೆಗೆ ಹೊರಟಳು. ಕೇಳಿದವರಿಗೆ ಆಲೂಗಡ್ಡೆಗೆ ಅಂದಳು. ಅರವತ್ತೈದು ದಾಟಿದ ಒಂಟಿ ಹೆಂಗಸು ಅಷ್ಟು ಆಲೂಗಡ್ಡೆ ತಿನ್ನುವುದಾದರೆ ಅವಳ ಸುತ್ತಳತೆ ಸೌನಾ ಬಾಗಿಲಷ್ಟಿರಬೇಕಿತ್ತು. ಊರವರಿಗೆ ಗೊತ್ತಿತ್ತು, ಆದರೂ ಪಾಪ ಅಂತ ಬೂದಿ ತೆಗೆದಿಟ್ಟು ಕೊಡುತ್ತಿದ್ದರು. ಒಮ್ಮೆ ಕ್ಯಾನಿನಲ್ಲಿ ಕೆಂಡ ಉಳಿದು ಅವಳ ಕೈಗವಸು ಸುಟ್ಟು, ಜಾರುಗಾಡಿಯ ಹಲಗೆಗೂ ಹತ್ತಿತು. ಅದನ್ನು ಹಿಮಕ್ಕೆ ಅದ್ದಿ ಆರಿಸಿ, ಮುಂದಿನ ಮನೆ ಬಾಗಿಲು ತಟ್ಟಿದಳು.

ಏಳು ಚಳಿಗಾಲ ಹೊತ್ತಳು. ಮನೆ ಹಿಂದಿನ ದಿಬ್ಬದಲ್ಲಿ ಒಂದೊಂದು ಮರದ ಸುತ್ತ ಬೂದು ವೃತ್ತ. ಪಾಚಿ ಸುಟ್ಟು ಕಂದಾಯಿತು, ಹುಳಿಹಣ್ಣಿನ ಗಿಡ ಅಲ್ಲಲ್ಲಿ ಬಾಡಿತು. ಮರ ಅಲ್ಲಾಡಲಿಲ್ಲ. ಪ್ರತಿ ಸೆಪ್ಟೆಂಬರಿನಲ್ಲಿ ಟೈಲರ್ ಟೇಪು ಹಿಡಿದು ಕಾಂಡ ಸುತ್ತಿ ಅಳೆಯುವಳು. ಕಳೆದ ವರ್ಷ ಎಷ್ಟಿತ್ತೋ ಅದಕ್ಕೊಂದು ಎಳೆ ಹೆಚ್ಚು, ಬೂದಿ ಹಾಕದ ಮರಕ್ಕೂ ಅದೇ ಎಳೆ. ಆರನೇ ವರ್ಷ ತೈಸ್ತೊ ಎದೆನೋವಿನಿಂದ ತೀರಿಕೊಂಡ. ಸಮಾಧಿಯ ಹತ್ತಿರ ಸೈಮಿಗೆ ನಿಜವಾಗಿ ಅಳು ಬಂತು, ಒಳ್ಳೆಯ ಮನುಷ್ಯ ಅವನು. ಆದರೆ ಆಮೇಲಿನ ಕಾಫಿಯಲ್ಲಿ ಔನೆ ಯಾರಿಗೋ, ಆ ಬೂದಿ ಒಂದು ಸಲ ಹಾಕಿದರೆ ನಲವತ್ತು ವರ್ಷ ಕೆಲಸ ಮಾಡುತ್ತೆ ಅಂತಿದ್ದ ಅನ್ನುವುದು ಕಿವಿಗೆ ಬಿದ್ದಿದ್ದೇ ತಡ, ಅಳು ಅಲ್ಲೇ ನಿಂತಿತು. ನಲವತ್ತು ವರ್ಷ. ಅಂದರೆ ತಾನು ಸತ್ತು ಮಣ್ಣಾದ ಮೇಲೂ ಅವು ಬೆಳೆಯುತ್ತಲೇ ಇರುತ್ತವೆ.

ಇವರು ಏನೋ ಮುಚ್ಚಿಟ್ಟಿದ್ದಾರೆ ಅನ್ನುವುದು ಅವಳಿಗೆ ಖಚಿತವಾಯಿತು. ಬೂದಿ ಒಂದೇ ಅಲ್ಲ, ಅದರ ಜೊತೆ ಇನ್ನೇನೋ ಬೆರೆಸಿದ್ದಾರೆ. ಕಾಡಿನ ಸಲಹೆಗಾರ ಒಸ್ಸಿಯ ಹತ್ತಿರ ಬೈರಿಗೆ ಕೇಳಿ ತಂದಳು. ಅದು ಟೊಳ್ಳು ಬೈರಿಗೆ, ಮರಕ್ಕೆ ತಿರುಗಿಸಿ ಹೊರಗೆಳೆದರೆ ಪೆನ್ಸಿಲಿಗಿಂತ ತೆಳ್ಳಗಿನ ಕಡ್ಡಿ ಬರುತ್ತದೆ, ಅದರಲ್ಲಿ ಒಂದೊಂದು ವರ್ಷದ್ದು ಒಂದೊಂದು ಗೆರೆ. ಔನೆ ಪೇಟೆಯಲ್ಲಿದ್ದ ಒಂದು ಆಗಸ್ಟಿನ ದಿನ ಸೈಮಿ ರಬ್ಬರ್ ಬೂಟು ಹಾಕಿಕೊಂಡು ಜೌಗಿಗೆ ಹೋಗಿ ತಂಗಿಯ ಮರವೊಂದನ್ನು ಕೊರೆದಳು. ಬಂದು ತನ್ನದೂ ಒಂದನ್ನು ಕೊರೆದಳು. ಒಸ್ಸಿ ಹೇಳಿಕೊಟ್ಟ ಹಾಗೆ ಎರಡು ಕಡ್ಡಿಯನ್ನೂ ಮುರಿಯದಂತೆ ಸ್ಟ್ರಾಗಳಲ್ಲಿ ತೂರಿಸಿ ಮೇಜಿನ ಮೇಲಿಟ್ಟಳು. ತನ್ನದರಲ್ಲಿ ಬೂದಿ ಹಾಕುವ ಮೊದಲಿನ ಗೆರೆ ಯಾವುದು, ಆಮೇಲಿನದು ಯಾವುದು ಅಂತ ಹೇಳಲು ಬರುವಂತಿರಲಿಲ್ಲ. ಔನೆಯದರಲ್ಲಿ ಮೊದಲ ಐವತ್ತು ವರ್ಷ ಒಂದು ಬೆರಳಿನಗಲದಲ್ಲಿ ಒತ್ತಿಕೊಂಡು ಕೂತಿದ್ದವು, ಆಮೇಲೆ ಒಂದೊಂದು ಗೆರೆಯೂ ಕಾಲು ಚಾಚಿ ಮಲಗಿತ್ತು. ಅವೆರಡನ್ನು ನೋಡುತ್ತಾ ನೋಡುತ್ತಾ ಸೈಮಿಯ ಗಂಜಿ ಆರಿ ತಣ್ಣಗಾಯಿತು.

ಅಕ್ಟೋಬರಿನಲ್ಲಿ ಆ ಕೆಲಸ ಮಾಡಿದಳು. ಮುಚ್ಚಿಡುವುದೇನು, ಕೆಟ್ಟ ಕೆಲಸವೇ. ಔನೆಯ ಜೌಗಿನ ನೀರೆಲ್ಲ ಹರಿಯುವುದು ಒಂದೇ ದೊಡ್ಡ ಕಾಲುವೆಯಲ್ಲಿ, ಆ ಕಾಲುವೆ ಸರೋವರ ಸೇರುವ ಮೊದಲು ಸೈಮಿಯ ನೆಲ ದಾಟುತ್ತದೆ. ಕೊಡಲಿ, ಗುದ್ದಲಿ ತೆಗೆದುಕೊಂಡು ಹೋದಳು. ಎಳೆಯ ಬರ್ಚ್ ಮರಗಳನ್ನು ಕಡಿದು ಅಡ್ಡ ಹಾಕಿ, ಮೇಲೆ ಹುಲ್ಲುಹೆಂಟೆ ತುಂಬಿ, ಕಾಲಿಂದ ತುಳಿದು ಗಟ್ಟಿ ಮಾಡಿದಳು. ಎಪ್ಪತ್ತೆರಡು ವರ್ಷದವಳು, ಎರಡೇ ದಿನದಲ್ಲಿ ಮುಗಿಸಿದಳು. ಹೊಟ್ಟೆ ಉರಿಯುವಾಗ ಸೊಂಟನೋವು ಕಾಣುವುದಿಲ್ಲ. ಆಮೇಲೆ ಅಂಗಡಿಯಲ್ಲಿ, ನಮ್ಮ ಕಡೆ ಬೀವರ್ ಬಂದಿದೆ, ಹಲ್ಲಲ್ಲಿ ಮರ ಕಡಿದು ಕಟ್ಟೆ ಕಟ್ಟಿದೆ ಅಂತ ಸುದ್ದಿ ಬಿಟ್ಟಳು. ಬೀವರ್ ಬರುವುದು ಅಲ್ಲಿ ಹೊಸದಲ್ಲ, ಯಾರೂ ನೋಡಲು ಹೋಗಲಿಲ್ಲ.

ಮೇ ತಿಂಗಳಲ್ಲಿ ಹಿಮ ಕರಗಿ ನೀರು ಬಂದು ಜೌಗಿನಲ್ಲಿ ನಿಂತಿತು. ಸೈಮಿ ದಿನಾ ಹೋಗಿ ನೋಡುವಳು. ಮೊದಲ ದಿನ ಖುಷಿಯಾಯಿತು, ಅದೂ ಬಾಯಲ್ಲಿ ಸಕ್ಕರೆ ತುಂಡು ಕರಗುವಷ್ಟು ಹೊತ್ತು. ನೀರಿನಲ್ಲಿ ಔನೆಯ ಮರಗಳ ನೆರಳು ಬಿದ್ದು ಒಂದೊಂದು ಮರ ಎರಡೆರಡಾಗಿ ಕಾಣುತ್ತಿತ್ತು. ಇದ್ದ ಮರವನ್ನೇ ತಡೆಯಲಾರದವಳಿಗೆ ದುಪ್ಪಟ್ಟು ಮರ. ಜೂನಿನ ಹೊತ್ತಿಗೆ ತಗ್ಗಿನಲ್ಲಿದ್ದವುಗಳ ಎಲೆ ಹಳದಿಗೆ ತಿರುಗಿತು. ಅಪ್ಪನ ಕಾಲದ ಅದೇ ಹಳದಿ. ಅದನ್ನು ಕಂಡ ದಿನ ಸೈಮಿ ನೆಟ್ಟಗೆ ಮನೆಗೆ ನಡೆದಳು. ಕಟ್ಟೆ ಒಡೆದುಬಿಡೋಣ ಅಂತ ಗುದ್ದಲಿಯವರೆಗೂ ಕೈ ಹೋಯಿತು. ಬೀವರ್ ತಾನಾಗಿ ಕಟ್ಟೆ ಒಡೆದುಕೊಂಡಿತು ಅಂದರೆ ಯಾರು ನಂಬುತ್ತಾರೆ? ಗುದ್ದಲಿ ವಾಪಸು ಇಟ್ಟಳು.

ಜೂನ್ ಕೊನೆಯ ಯುಹಾನ್ನುಸ್ ಹಬ್ಬಕ್ಕೆ ಮೂರು ದಿನ ಇರುವಾಗ ಔನೆ ಬಸ್ಸಿನಲ್ಲಿ ಬಂದಳು. ಜೌಗಿನ ಅಂಚಿನಲ್ಲಿ ಅವಳದೊಂದು ಮರದ ಗುಡಿಸಲಿತ್ತು, ಚಳಿಗಾಲದ ರಜೆಗೂ ಬೇಸಿಗೆಗೂ ಅಲ್ಲೇ ಇರುತ್ತಿದ್ದಳು. ಚೀಲ ಅಲ್ಲಿಟ್ಟು ಮರ ನೋಡಲು ಹೋದವಳು ಎರಡು ಗಂಟೆ ಬಿಟ್ಟು ಅಕ್ಕನ ಅಡುಗೆಮನೆಗೆ ಬಂದು ನಿಂತಳು. ಬೂಟಿನೊಳಗಿಂದ ನೀರು ನೆಲದ ಚಾಪೆಗೆ ಸುರಿಯುತ್ತಿತ್ತು. ಕೂರಲಿಲ್ಲ.

“ಬೀವರ್ ನೋಡ್ಕೊಂಡು ಬಂದೆ ಅಕ್ಕ. ಕೊಡಲಿ ಹಿಡಿಯೋ ಬೀವರ್‌ನ ಇದೇ ಮೊದ್ಲು ನೋಡಿದ್ದು.”

ಸೈಮಿ ಕಾಫಿಗೆ ನೀರಿಡಲು ಹೊರಟಳು. ಔನೆ ಅವಳ ಕೈಯಿಂದ ಕೆಟ್ಲು ಕಿತ್ತು ಮೇಜಿನ ಮೇಲಿಟ್ಟಳು. ಈ ಬೇಸಿಗೆ ಪೂರ್ತಿ ನೀರು ಹೀಗೇ ನಿಂತರೆ ಬೇರು ಉಸಿರುಕಟ್ಟಿ ಕೊಳೆಯುತ್ತದೆ, ತೈಸ್ತೊ ಬಿಟ್ಟು ಹೋಗಿದ್ದು ಅದೊಂದೇ, ಅದೂ ನಿನ್ನ ಕಣ್ಣಿಗೆ ಚುಚ್ಚಿತಾ ಅಂತ ಕೇಳಿದಳು. ದನಿ ಏರಿಸಲಿಲ್ಲ.

ಆಗ ಸೈಮಿಯ ಬಾಯಿ ಕಟ್ಟೆಯೊಡೆಯಿತು. ಹೌದು, ಚುಚ್ಚಿತು ಅಂದಳು. ಹದಿನಾರು ವರ್ಷದಿಂದ ಚುಚ್ಚುತ್ತಿದೆ ಅಂದಳು. ಒಂದೇ ಅಪ್ಪನ ನೆಲ, ಒಂದೇ ಜಾತಿ ಮರ, ಒಂದೇ ಬೂದಿ. ನಾನು ಏಳು ಚಳಿಗಾಲ ಊರ ಬೂದಿಯೆಲ್ಲ ಹೊತ್ತು ಹಾಕಿದೆ, ಭಿಕ್ಷುಕಿ ಥರ ಮನೆಮನೆ ಬಾಗಿಲು ತಟ್ಟಿದೆ, ನನ್ನ ಮರ ಯಾಕೆ ಬೆಳೆಯಲಿಲ್ಲ? ಅದರಲ್ಲಿ ಇನ್ನೇನು ಬೆರೆಸಿದ್ದಿರಿ, ಹೇಳು.

ಔನೆ ಈಗ ಕೂತಳು. ಒದ್ದೆ ಬೂಟು ಕಳಚಿ, ಕಾಲು ಒರೆಸಿಕೊಂಡು, ನಿಧಾನವಾಗಿ ಹೇಳಿದಳು.

“ಏನೂ ಬೆರೆಸಿಲ್ಲ. ದಿಬ್ಬಕ್ಕೆ ಬೂದಿ ಹಾಕಿ ಪ್ರಯೋಜನ ಇಲ್ಲ. ಅಲ್ಲಿ ಕಡಿಮೆ ಇರೋದು ಸಾರಜನಕ, ಅದು ಬೂದೀಲಿ ಇರಲ್ಲ, ಬೆಂಕೀಲೇ ಹಾರಿಹೋಗಿರುತ್ತೆ. ನೀನು ಮೊದಲ್ನೇ ಸಲ ಹಾಲಿನ ಕ್ಯಾನು ಎಳ್ಕೊಂಡು ಹೋದಾಗ್ಲೇ ತೈಸ್ತೊ ಅಂದ, ಪಾಪ ಸುಮ್ನೆ ಸಾಯ್ತಿದ್ದಾಳೆ, ಹೋಗಿ ಹೇಳು ಅಂತ.”

“ಮತ್ತೆ?”

“ಹೇಳ್ದೆ ಅಂದ್ಬಿಟ್ಟೆ ಅವನಿಗೆ. ಹೇಳಿರ್ಲಿಲ್ಲ.”

ಯಾಕೆ ಅಂತ ಔನೆ ತಾನೇ ಹೇಳಿದಳು.

“ನನ್ನ ಗುಡಿಸಲ ಕಿಟಕಿಯಿಂದ ನಿನ್ನ ದಿಬ್ಬ ಕಾಣುತ್ತೆ. ನೀನು ಹೊರೋದು ನೋಡ್ತಾ ಕೂತಿರ್ತಿದ್ದೆ, ಕಾಫಿ ಇಟ್ಕೊಂಡು. ಚೆನ್ನಾಗಿತ್ತು ಅಕ್ಕ, ಸುಳ್ಳು ಯಾಕೆ ಹೇಳ್ಲಿ. ದಿಬ್ಬ ನಿಂಗೆ, ಸರೋವರ ನಿಂಗೆ, ಅಪ್ಪನೂ ನಿಂಗೇ. ನನಗೆ ರಬ್ಬರ್ ಬೂಟು.”

ಮೂವತ್ತು ವರ್ಷದ ಹಿಂದಿನ ಆ ಮಾತು ಸೈಮಿಗೆ ಮರೆತೇ ಹೋಗಿತ್ತು. ಈಗ ಬನ್ನಿನ ಏಲಕ್ಕಿ ವಾಸನೆ ಸಮೇತ ನೆನಪಾಯಿತು. ನೆಂಟರ ನಗು ನೆನಪಾಯಿತು, ಅವರ ನಡುವೆ ನಗುತ್ತಿದ್ದ ತಂಗಿಯ ಮುಖವೂ ನೆನಪಾಯಿತು. ತಾನೊಬ್ಬಳೇ ಉರಿಯುತ್ತಿದ್ದೇನೆ ಅಂದುಕೊಂಡಿದ್ದಳು ಇಷ್ಟು ದಿನ. ಎದುರಿಗೆ ಕೂತವಳು ತನಗಿಂತ ಹದಿಮೂರು ವರ್ಷ ಮೊದಲೇ ಹೊತ್ತಿಕೊಂಡಿದ್ದಳು. ಸಿಟ್ಟೂ ಬಂತು, ನಾಚಿಕೆಯೂ ಆಯಿತು, ಎರಡರಲ್ಲಿ ಯಾವುದು ಹೆಚ್ಚು ಅಂತ ಗೊತ್ತಾಗಲಿಲ್ಲ. ಎದ್ದು ಬಾಗಿಲ ಹಿಂದಿನಿಂದ ಎರಡು ಗುದ್ದಲಿ ತೆಗೆದಳು.

ಇಬ್ಬರೂ ಸೇರಿ ಕಟ್ಟೆ ಒಡೆದರು. ಸೈಮಿ ಅದನ್ನು ಅಷ್ಟು ಗಟ್ಟಿಯಾಗಿ ಕಟ್ಟಿದ್ದಳು, ಮಧ್ಯಾಹ್ನದಿಂದ ರಾತ್ರಿ ಊಟದ ಹೊತ್ತಿನವರೆಗೂ ಹಿಡಿಯಿತು. ಔನೆ ಪ್ರತಿ ಹೆಂಟೆಗೂ ಒಂದೊಂದು ಬೈಗುಳ ಬೈದಳು, ಬೀವರಿನ ತಾಯಿ ತಂದೆ ಯಾರನ್ನೂ ಬಿಡಲಿಲ್ಲ. ಇಬ್ಬರಿಗೂ ಒಂದೇ ತಾಯಿ ತಂದೆ ಅಂತ ಸೈಮಿ ನೆನಪು ಮಾಡಿದಳು. ಕೊನೆಯ ಬರ್ಚ್ ಎಳೆದಾಗ ನೀರು ಒಮ್ಮೆಲೇ ನುಗ್ಗಿ ಇಬ್ಬರ ಸೊಂಟದವರೆಗೂ ತೋಯಿಸಿ ಸರೋವರಕ್ಕೆ ಹೋಯಿತು. ಕ್ಷಮಿಸು ಅಂತ ಯಾರೂ ಯಾರಿಗೂ ಹೇಳಲಿಲ್ಲ. ಇವಳಿಗೆ ಅವಳದೇ ಹೆಚ್ಚು ತಪ್ಪು, ಅವಳಿಗೆ ಇವಳದೇ.

ತಗ್ಗಿನಲ್ಲಿದ್ದ ಹನ್ನೊಂದು ಮರ ಉಳಿಯಲಿಲ್ಲ, ಮಿಕ್ಕವು ಚೇತರಿಸಿಕೊಂಡವು. ಆ ಹನ್ನೊಂದನ್ನು ಔನೆ ಕಡಿಸಲಿಲ್ಲ. ಬೂದು ಬಣ್ಣಕ್ಕೆ ತಿರುಗಿ, ತೊಗಟೆ ಉದುರಿಸಿಕೊಂಡು ನಿಂತಿರಲಿ ಅಂತ ಬಿಟ್ಟಳು. ಅಕ್ಕನ ಅಡುಗೆಮನೆ ಕಿಟಕಿಯಿಂದ ಅವು ಸರಿಯಾಗಿ ಕಾಣುತ್ತಿದ್ದವು. ಸೈಮಿ ಈ ಸಲ ಪರದೆ ಎಳೆಯಲಿಲ್ಲ, ಅದಕ್ಕೆ ತನಗೆ ಹಕ್ಕಿಲ್ಲ ಅನ್ನಿಸಿತು.

ಮರುವರ್ಷ ಜೂನಿನಲ್ಲಿ ಔನೆ ಒಂದು ವ್ಯಾನಿನಲ್ಲಿ ಸಾರಜನಕ ಗೊಬ್ಬರದ ಚೀಲ ಹೇರಿಸಿಕೊಂಡು ಬಂದಳು. ತೈಸ್ತೊಗೆ ಸುಳ್ಳು ಹೇಳಿದ್ದು ಅವಳನ್ನು ಕೊರೆಯುತ್ತಿತ್ತು, ಅಷ್ಟೇ ಕಾರಣ, ನಿನ್ನ ಮೇಲಿನ ಪ್ರೀತಿಗಲ್ಲ ಅಂತ ಮೊದಲೇ ಹೇಳಿದಳು. ಒಂದು ವಾರ ಮುದುಕಿಯರಿಬ್ಬರೂ ಬಕೆಟ್ ಹಿಡಿದು ಸಾಲಾಗಿ ನಡೆದು ದಿಬ್ಬಕ್ಕೆ ಬಿಳಿ ಕಾಳು ಎರಚಿದರು. ಸೈಮಿ ಆಸೆಗೆ ಬಿದ್ದು ಎರಡೆರಡು ಹಿಡಿ ಎಸೆಯುವಳು. ಹೆಚ್ಚಾಗಿದ್ದು ಮರಕ್ಕೆ ದಕ್ಕಲ್ಲ, ಮರಳಲ್ಲಿ ಇಳಿದು ಸರೋವರ ಸೇರುತ್ತೆ, ಆಮೇಲೆ ಮೀನಿನ ಬದಲು ಪಾಚಿ ತಿನ್ನು ಅಂತ ಔನೆ ಬೈಯುವಳು. ನೀರಿನ ಅಂಚಿನ ಮರಗಳಿಗೆ ಹಾಕಲು ಬಿಡಲೇ ಇಲ್ಲ. ಗೊಬ್ಬರ ತನಗೇ ಉಳಿಸಿಕೊಳ್ಳಲು ಔನೆ ಹೀಗೆ ಮಾಡುತ್ತಿದ್ದಾಳೆ ಅಂತ ಸೈಮಿಗೆ ಅನುಮಾನ ಬಂತು, ಚೀಲ ಎಣಿಸಿ ನೋಡಿ ಸುಮ್ಮನಾದಳು.

ಬೂದಿಯಂತೆ ವರ್ಷಗಟ್ಟಲೆ ಕಾಯಿಸಲಿಲ್ಲ ಅದು. ಮುಂದಿನ ಬೇಸಿಗೆಗೇ ದಿಬ್ಬ ಕಡುಹಸಿರಾಯಿತು. ಸೈಮಿ ಕುರ್ಚಿಯನ್ನು ದಿಬ್ಬದ ಕಡೆ ತಿರುಗಿಸಿಟ್ಟು ಊರವರನ್ನೆಲ್ಲ ಸರದಿಯಲ್ಲಿ ಕಾಫಿಗೆ ಕರೆದಳು, ಬೂದಿ ಕೊಟ್ಟ ಇಪ್ಪತ್ತಾರು ಮನೆಯವರನ್ನೂ. ಆಲೂಗಡ್ಡೆ ಚೆನ್ನಾಗಿ ಬಂದಿದೆ ಅಂತ ಅವರು ಮರ ನೋಡಿಕೊಂಡು ಹೇಳಿದರು.

ಐದನೇ ಬೇಸಿಗೆಯ ಒಂದು ಮಧ್ಯಾಹ್ನ ಸೈಮಿ ಹಣ್ಣು ಆರಿಸಲು ದಿಬ್ಬ ಹತ್ತಿದಾಗ, ಒಂದು ಪೈನ್‌ನ ಹಿಂದೆ ಯಾರೋ ಬಗ್ಗಿದ್ದರು. ಔನೆ. ಎಪ್ಪತ್ಮೂರು ವರ್ಷದವಳು, ಕೈಯಲ್ಲಿ ಬೈರಿಗೆ, ಬಾಯಲ್ಲಿ ಕಚ್ಚಿಕೊಂಡ ಸ್ಟ್ರಾದೊಳಗೆ ಕೊರೆದ ಕಡ್ಡಿ. ಕಳ್ಳತನದಲ್ಲಿ ಸಿಕ್ಕಿಬಿದ್ದ ಮುಖ. ಸೈಮಿ ಅವಳನ್ನು ಮನೆಗೆ ಕರೆದುಕೊಂಡು ಬಂದು, ಸ್ಟ್ರಾವನ್ನು ಬಾಯಿಂದ ತೆಗೆದುಕೊಂಡು, ಡ್ರಾಯರಿನಲ್ಲಿದ್ದ ಹಳೆಯ ಸ್ಟ್ರಾದ ಪಕ್ಕ ಮೇಜಿನ ಮೇಲೆ ಇಟ್ಟಳು. ಆರು ವರ್ಷದ ಹಿಂದೆ ಜೌಗಿನಲ್ಲಿ ತಾನು ಕದ್ದಿದ್ದು ಅದು. ಔನೆಗೆ ಅದು ಏನೆಂದು ಹೇಳಬೇಕಾಗಲಿಲ್ಲ. ಇಬ್ಬರೂ ಕನ್ನಡಕ ಹಾಕಿಕೊಂಡು ಬಗ್ಗಿದರು.

ಇದು ಎಷ್ಟು ದಿನ ಇರುತ್ತೆ ಅಂತ ಸೈಮಿ ಕೇಳಿದಳು. ಏಳೆಂಟು ವರ್ಷ, ಆಮೇಲೆ ಮತ್ತೆ ಮೊದಲಿನ ಹಾಗೇ ಅಂದಳು ಔನೆ, ಸ್ವಲ್ಪ ಸಮಾಧಾನದಿಂದಲೇ. ತನ್ನದಕ್ಕೆ ಇನ್ನೂ ಹದಿನೈದು ವರ್ಷ ಇದೆ ಅಂತಲೂ ಸೇರಿಸಿದಳು. ಸೈಮಿ ಬೆರಳು ಮಡಚಿ ಲೆಕ್ಕ ಹಾಕಿದಳು. ಅವಳಿಗೆ ಎಪ್ಪತ್ತೆಂಟು.

“ನನ್ನ ಆಯಸ್ಸಿಗೆ ಅಷ್ಟು ಸಾಕು,” ಅಂದಳು. “ಯಾವುದು ಅಗಲ, ಅದನ್ನ ಹೇಳು.”

ಔನೆ ಕಡ್ಡಿಗಳನ್ನು ಬೆಳಕಿಗೆ ಹಿಡಿದಳು. ಒಂದನ್ನು ತಿರುಗಿಸಿದಳು, ಇನ್ನೊಂದನ್ನು ತಿರುಗಿಸಿದಳು. ಕನ್ನಡಕ ಒರೆಸಿ ಮತ್ತೆ ನೋಡಿದಳು. ದಿಬ್ಬದ ಗೆರೆ ಜೌಗಿನ ಗೆರೆಗಿಂತ ಒಂದು ಕೂದಲೆಳೆಯಷ್ಟು ಅಗಲ ಇತ್ತು. ಅದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಎರಡನ್ನೂ ಮೇಜಿನ ಮೇಲಿಟ್ಟು, ಎದ್ದು, ಬುಟ್ಟಿಯಿಂದ ಸೌದೆ ಎತ್ತಿಕೊಂಡು ಒಲೆಯ ಬಾಗಿಲು ತೆಗೆದು ಒಂದೊಂದಾಗಿ ತುಂಬತೊಡಗಿದಳು.

“ಒಲೆ ಹಚ್ಚೇ ಇಲ್ಲ ಕಣೇ,” ಅಂದಳು ಸೈಮಿ.

ಔನೆ ಕೇಳಿಸಿಕೊಳ್ಳದವಳ ಹಾಗೆ ಇನ್ನೊಂದು ಸೌದೆ ಇಟ್ಟಳು. ಸೈಮಿ ಎದ್ದು ಹೋಗಿ ಬೆಂಕಿಪೊಟ್ಟಣ ತಂದು ಅವಳ ಕೈಗೆ ಕೊಟ್ಟಳು.